ಜುಟ್ಟು ನೋಡುವವರ ಮನೆ

ಬೇವಿನೆಣ್ಣೆಗೆ ಅರಿಶಿನ ಕಲಸಿ, ಮೇಲಿಷ್ಟು ಕರ್ಪೂರ ಪುಡಿ ಮಾಡಿ ಹಾಕಿ ಕಾಸಿದರೆ ಏಳುವ ವಾಸನೆ ಯಾರಿಗೂ ಇಷ್ಟವಾಗುವಂಥದ್ದಲ್ಲ. ಮೊನ್ನೆ ಹಾವೇರಿಯಲ್ಲಿ ನಾನಿರುವ ಬಾಡಿಗೆ ಕೋಣೆಯ ಕೆಳಗಿನ ಮನೆಯವರು ತಮ್ಮ ನಾಯಿಯ ಕಿವಿಯ ಗಾಯಕ್ಕೆಂದು ಅದನ್ನು ಕಾಸಿದರು. ಅಕ್ಕಪಕ್ಕದವರು ಗೊಣಗುತ್ತ ಕಿಟಕಿ ಹಾಕಿಕೊಂಡರು. ನಾನು ನನ್ನ ಕಿಟಕಿ ತೆರೆದು ನಿಂತೆ. ಒಲೆಯ ಮೇಲೆ ಹಿತ್ತಾಳೆಯ ಸೌಟು, ಅದರ ಮುಂದೆ ಆಯಿ, ಹಿತ್ತಲ ಬಾಗಿಲಲ್ಲಿ ಕಂಕುಳಿಗೆ ಕೋಳಿ ಇರುಕಿಕೊಂಡು ನಿಂತ ಚಿಗವ್ವ, ಹೀಗೆ ಮಾಸೂರಿನ ಆ ಮನೆ ಇಡಿಯಾಗಿ ಬಂದುಬಿಟ್ಟಿತು. ಅಲ್ಲೀಗ ಗೋವಿನಜೋಳದ ಚೀಲ ಒಟ್ಟುವ ಶೆಡ್ ಎದ್ದಿದೆ. ಆ ಮನೆಯ ಮೂವರು ಹೆಣ್ಣುಗಳಲ್ಲಿ ಉಳಿದವಳು ನಾನೊಬ್ಬಳೇ. ಈ ವಾಸನೆ ನೆನಪಿದೆಯೇ ಎಂದು ಕೇಳಲು ನನಗೆ ಯಾರೂ ಇಲ್ಲ, ಅದಕ್ಕೇ ನಿಮ್ಮೆದುರು ಹೇಳುತ್ತಿದ್ದೇನೆ.

ನನಗಾಗ ಎಂಟು ವರ್ಷವಿರಬೇಕು. ಶಿಗ್ಗಾಂವಿಯ ನಮ್ಮ ಮನೆಯಲ್ಲಿ ತಮ್ಮ ಹುಟ್ಟಿ, ಅವನ ಬೆನ್ನಿಗೇ ತಂಗಿಯೂ ಹುಟ್ಟಿ, ಅವ್ವನಿಗೆ ಕೈ ಸಾಲದಾಗಿ ನನ್ನನ್ನು ತನ್ನ ತವರಿಗೆ ಅಟ್ಟಿದಳು. "ನಾಕ ದಿನ ಇದ್ದ ಬಾ" ಎಂದಿದ್ದಳು. ಆ ನಾಲ್ಕು ದಿನ ಮುಗಿಯಲೇ ಇಲ್ಲ. ಓಣಿಯ ಹುಡುಗಿಯರು ನನ್ನನ್ನು 'ಶಿಗ್ಗಾಂವಿಯಾಕಿ' ಎಂದು ಕರೆದು ಆಟಕ್ಕೆ ಸೇರಿಸುತ್ತಿರಲಿಲ್ಲ. ಅವ್ವನ ಅವ್ವ, ಅಂದರೆ ಆಯಿ, ಗಂಡ ಸತ್ತ ಮೇಲೆ ಒಬ್ಬಳೇ ಸಂಸಾರ ಎಳೆದ ಗಟ್ಟಿ ಹೆಂಗಸು. ಮುದ್ದು ಮಾಡಿ ಗೊತ್ತಿಲ್ಲದವಳು. ಉಳಿದವಳು ಅವ್ವನ ಕಡೆಯ ತಂಗಿ ಶಾಂತವ್ವ, ನನ್ನ ಚಿಗವ್ವ, ಇನ್ನೂ ಮದುವೆಯಾಗದವಳು. ರಾತ್ರಿ ನಾನು ಅವ್ವನನ್ನು ನೆನೆದು ಮುಸುಮುಸು ಅಳುತ್ತಿದ್ದರೆ ಏನೂ ಕೇಳದೆ ತನ್ನ ಕೌದಿಯೊಳಗೆ ಎಳೆದುಕೊಳ್ಳುತ್ತಿದ್ದಳು. ನನಗೆ ಇದ್ದವರೆಂದರೆ ಅವಳು, ಮತ್ತು ಅವಳ ಕೋಳಿಗಳು.

ಬೆಳಿಗ್ಗೆ ಗೂಡಿನ ಹಲಗೆ ಸರಿಸುವ ಕೆಲಸ ಚಿಗವ್ವನದು. ಒಮ್ಮೆಲೇ ಸರಿಸುತ್ತಿರಲಿಲ್ಲ. ಒಂದು ಕೋಳಿ ನುಸುಳುವಷ್ಟೇ ಸಂದಿ ಬಿಟ್ಟು, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಹೊರಬರುವ ಒಂದೊಂದರ ತಲೆಯನ್ನೂ ನೋಡುತ್ತಿದ್ದಳು. "ಕೋಳಿ ನಡಿಗಿ ಸುಳ್ಳ ಹೇಳತೈತಿ, ಕಾಳ ತಿನ್ನೂದೂ ಸುಳ್ಳ ಹೇಳತೈತಿ. ಜುಟ್ಟ ಹೇಳಂಗಿಲ್ಲ ನೋಡು," ಎಂದು ನನಗೂ ಕಲಿಸಿದಳು. ಕೋಳಿ ತನ್ನ ಜಡ್ಡನ್ನು ಮುಚ್ಚಿಡುವ ಪ್ರಾಣಿ. ಸೊರಗಿದ್ದು ಗೊತ್ತಾದರೆ ಉಳಿದವು ಕುಕ್ಕಿ ಮೂಲೆಗೆ ಅಟ್ಟುತ್ತವೆ. ಜುಟ್ಟು ಕೆಂಪಗೆ ಹೊಳೆಯುತ್ತಿದ್ದರೆ ಇವತ್ತೋ ನಾಳೆಯೋ ತತ್ತಿ. ಜಗಳದಲ್ಲಿ ಹರಿದುಕೊಂಡಿದ್ದರೆ ಅರಿಶಿನ ಒತ್ತಿ ಬುಟ್ಟಿಯಡಿ ಬೇರೆ ಇಡಬೇಕು, ಇಲ್ಲದಿದ್ದರೆ ರಕ್ತ ಕಂಡಲ್ಲೇ ಉಳಿದವು ಕುಕ್ಕುತ್ತವೆ. ಮಳೆ ಹಿಡಿದು, ಮದಗದ ಕೆರೆಯ ನೀರು ಗದ್ದೆಗಳಲ್ಲಿ ನಿಂತು, ಸೊಳ್ಳೆ ಎದ್ದ ಕಾಲಕ್ಕೆ ಜುಟ್ಟಿನ ಮೇಲೆ ಮೆಣಸಿನಕಾಳಿನಂಥ ಕಪ್ಪು ಗಂಟುಗಳು ಏಳುತ್ತಿದ್ದವು. ಅದು ಕೋಳಿ ಸಿಡುಬು; ಆ ಬೇವಿನೆಣ್ಣೆ ಅದಕ್ಕೇ. ಹಕ್ಕಳೆ ಕೀಳಬಾರದು, ತಾನೇ ಉದುರಬೇಕು. ಬಾಯಿ ತೆರೆಸಿ ಒಳಗೂ ಹುಣ್ಣಾಗಿದೆಯೇ ನೋಡಬೇಕು. ಸಂಜೆ ಗೂಡಿನ ಮುಂದೆ ಬೇವಿನ ಸೊಪ್ಪಿನ ಹೊಗೆ ಹಾಕಬೇಕು. ನಾನು ರೆಕ್ಕೆ ಒತ್ತಿ ಹಿಡಿಯುತ್ತಿದ್ದೆ, ಚಿಗವ್ವ ಪುಕ್ಕದ ತುದಿಯಿಂದ ಎಣ್ಣೆ ಹಚ್ಚುತ್ತ, "ಆತವ್ವಾ ಆತು, ಎಷ್ಟ ಸೊಕ್ಕ ನಿಂದು!" ಎಂದು ಅದನ್ನು ರಮಿಸುತ್ತಿದ್ದಳು. ಜುಟ್ಟು ನೀಲಿಗೆ ತಿರುಗಿದ್ದರೆ ಮಾತ್ರ ಆಯಿ ಒಮ್ಮೆ ನೋಡಿ, ಅದಿನ್ನು ಉಳಿಯುವುದಿಲ್ಲವೆಂದು ಎದ್ದುಬಿಡುತ್ತಿದ್ದಳು.

ಹಿರೇಕೆರೂರ ಸಂತೆಯಲ್ಲಿ ಆಯಿ ಬಂದಳೆಂದರೆ ಕೋಳಿ ವ್ಯಾಪಾರಿಗಳು ಮುಖ ತಿರುಗಿಸುತ್ತಿದ್ದರು. ಬಿಳಿಚಿದ ಜುಟ್ಟಿಗೆ ಎಣ್ಣೆಯಲ್ಲಿ ಕುಂಕುಮ ಕಲಸಿ ತಿಕ್ಕಿ, ಕೆಂಪು ಮಾಡಿ ತರುವುದು ಅವರಲ್ಲಿ ಕೆಲವರ ಕಸುಬು. ಆಯಿ ಸೆರಗಿನ ತುದಿಗೆ ಉಗುಳು ಹಚ್ಚಿ ಒಂದು ಸಲ ಒರೆಸಿ, ಕೆಂಪಾದ ಸೆರಗನ್ನು ನಾಲ್ಕು ಮಂದಿಗೆ ಕಾಣುವಂತೆ ಎತ್ತಿ ಹಿಡಿದು, "ಏನಪಾ, ಕೋಳಿಗೂ ಮುತ್ತೈದಿತನ ಬಂತೇನ?" ಎನ್ನುತ್ತಿದ್ದಳು. ಸುತ್ತ ನಿಂತವರೆಲ್ಲ ಘೊಳ್ಳೆಂದು ನಗುತ್ತಿದ್ದರು. ನನಗೋ ಎಂಥ ಹೆಮ್ಮೆ! ನಮ್ಮ ಆಯಿಯ ಕಣ್ಣಿಗೆ ಮಣ್ಣೆರಚುವವರು ಎಲ್ಲಿಯೂ ಇಲ್ಲ ಎಂದುಕೊಂಡಿದ್ದೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಬೂದಿ ಬಣ್ಣದ ಕೋಳಿಯೊಂದರ ಜುಟ್ಟು ಬಿಳಿಚಿತು. ಕಾವಿಗೆ ಕುಳಿತ ಕೋಳಿಯ ಜುಟ್ಟೂ ಬಿಳಿಚುತ್ತದೆ, ಆದರೆ ಇದು ಕಾವಿಗೆ ಕುಳಿತಿರಲಿಲ್ಲ. ಆಯಿ ರೆಕ್ಕೆ ಎತ್ತಿ ಗರಿ ಊದಿ ನೋಡಿದಳು, ಗೂಡಿನ ಹಲಗೆಯ ಸಂದಿಗೆ ಕಡ್ಡಿ ಹಾಕಿ ಎಳೆದಳು. ಕಡ್ಡಿಯ ತುದಿಯಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಹುಳ ಹರಿದಾಡುತ್ತಿದ್ದವು. "ರಾತ್ರಿಯೆಲ್ಲಾ ರಕ್ತ ಹೀರಾಕತ್ತಾವು ಸುಡಗಾಡ ಹುಳ," ಎಂದವಳೇ ಗೂಡಿಗೆ ಕುದಿನೀರು ಸುರಿದು, ಸುಣ್ಣ ಬಳಿದು, ಕೋಳಿಯನ್ನು ಒಲೆಯ ತಣ್ಣನೆಯ ಬೂದಿಯಲ್ಲಿ ಹೊರಳಾಡಿಸಿ, ದಿನಾ ನುಗ್ಗೆಸೊಪ್ಪು ಕೊಚ್ಚಿ ಹಾಕಿದಳು. ಸಂಕ್ರಾಂತಿ ಹೊತ್ತಿಗೆ ಅದರ ಜುಟ್ಟಿಗೆ ಬಣ್ಣ ಬಂತು.

ಅದೇ ದಿನಗಳಲ್ಲಿ ಚಿಗವ್ವ ಬೆಳ್ಳಗಾಗುತ್ತಿದ್ದಳು. ಕೊಡ ಹೊತ್ತು ಬರುವಾಗ ದಾರಿಯಲ್ಲಿ ಅಲ್ಲಲ್ಲಿ ಕೂತು ಏದುಸಿರು ಬಿಡುತ್ತಿದ್ದಳು. ಅಕ್ಕಿ ಆರಿಸುತ್ತ ಹಸಿ ಅಕ್ಕಿಯನ್ನೇ ಕುಟುಕುಟು ಅಗಿಯುತ್ತಿದ್ದಳು. ಹಿತ್ತಲ ಗೋಡೆಯ ಮಣ್ಣು ಮುರಿದು ತಿನ್ನುವುದನ್ನೂ ಕಂಡಿದ್ದೆ. "ಯಾರ ಮುಂದೂ ಹೇಳಬ್ಯಾಡ, ಬಾಯಿ ಬೇಡತೈತಿ," ಎಂದಿದ್ದಳು. ಓಣಿಯವರ ಕಣ್ಣಿಗೆ ಮಾತ್ರ ಅದೊಂದು ಭಾಗ್ಯ. "ಶಾಂತವ್ವ ಎಷ್ಟ ಬೆಳ್ಳಗಾಗ್ಯಾಳ! ಮದುವಿ ಕಳೆ ಬಂತ ಹುಡುಗಿಗೆ," ಎಂದರೆ ಆಯಿ ಉಬ್ಬಿಹೋಗುತ್ತಿದ್ದಳು. ಹುಡುಗಿ ಕಪ್ಪು ಎಂದು ಅದಕ್ಕೂ ಮೊದಲು ಸಂಬಂಧಗಳು ಮುರಿದುಹೋಗಿದ್ದವು. ಒಂದು ದಿನ ಊಟಕ್ಕೆ ಕೂತಾಗ ನಾನು ಕಂಡದ್ದನ್ನು ಹೇಳಿಬಿಟ್ಟೆ, "ಆಯಿ, ಚಿಗವ್ವನ ತುಟಿ ಆ ಬೂದಿ ಕೋಳಿ ಜುಟ್ಟಿನಂಗ ಬಿಳಿಚ್ಯಾವು." ಆಯಿ ಹೊಡೆಯಲೆಂದು ಕೈಯೆತ್ತಿದಳು. "ಬಾಯಿ ಮುಚ್ಚ! ಮದುವಿ ಆಗೂ ಹೆಣ್ಣಿಗೆ ಕೋಳಿ ಹೋಲಿಕಿ ಕೊಡ್ತಿ?" ಚಿಗವ್ವ ನಕ್ಕು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಕೋಳಿಯ ವಿಷಯಕ್ಕೆ ನನ್ನ ಮಾತು ಕೇಳುತ್ತಿದ್ದವರು ಇದಕ್ಕೆ ಕೇಳಲಿಲ್ಲ.

ಬೇಸಿಗೆಗೆ ಸವಣೂರಿನ ಎಲೆತೋಟದ ಮನೆತನದವರು ಹೆಣ್ಣು ನೋಡಲು ಬಂದರು. ಅವರು ಪಡಸಾಲೆಯಲ್ಲಿ ಕೂತು ನೀರು ಕುಡಿಯುತ್ತಿದ್ದಾಗ ಆಯಿ ಅಡುಗೆಮನೆಯಲ್ಲಿ ಎಲೆಗೆ ಸುಣ್ಣ, ಕಾಚು ಹಚ್ಚಿ ಚಿಗವ್ವನ ಬಾಯಿಗೆ ತುರುಕಿದಳು. "ಚಲೋತ್ನಾಗ ಅಗದ ಉಗುಳು, ತುಟಿ ಕೆಂಪಾಗಲಿ. ಹಿಂಗ ಹೋಗಿ ಕುಂತರ ಜಡ್ಡಿನ ಹುಡುಗಿ ಅಂದಾರು." ಆಮೇಲೆ ಸೆರಗಿನಿಂದ ಅವಳ ಗಲ್ಲ ಒರೆಸಿ, ತಲೆ ಸವರಿ ಹೊರಗೆ ಕಳಿಸಿದಳು. ಅಂದರೆ ಆಯಿಗೆ ಕಂಡಿತ್ತು. ಕಂಡಿದ್ದನ್ನು ಜಡ್ಡೆಂದು ಒಪ್ಪಿಕೊಂಡರೆ ಈ ಸಂಬಂಧವೂ ಹೋಗುತ್ತಿತ್ತು. ಆಯಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಸಿಟ್ಟಿನ ನಡುವೆಯೇ ಅವಳನ್ನು ನೆನೆದು ಅತ್ತಿದ್ದೂ ಇದೆ. ಗಂಡಿನ ತಾಯಿ ಚಿಗವ್ವನನ್ನು ಮೇಲಿಂದ ಕೆಳಗೆ ನೋಡಿ, "ಹುಡುಗಿ ಬಣ್ಣ ಚಲೋ ಐತಿರಿ," ಎಂದು ಒಪ್ಪಿಕೊಂಡಳು.

ಚಿಗವ್ವ ಮದುವೆಯಾಗಿ ಹೋದ ಮೇಲೆ ಹಲಗೆ ಸರಿಸುವ ಕೆಲಸ ನನ್ನದಾಯಿತು. ಕೋಳಿಗಳು ಹೊರಬಂದು, ನನ್ನನ್ನು ದಾಟಿ, ಬಾಗಿಲ ಕಡೆ ಕತ್ತು ನೀಡಿ ನಿಲ್ಲುತ್ತಿದ್ದವು. ನನಗೂ ಹಾಗೇ ನಿಲ್ಲಬೇಕೆನಿಸುತ್ತಿತ್ತು. ಚೊಚ್ಚಲ ಬಾಣಂತನಕ್ಕೆ ಅವಳು ತವರಿಗೆ ಬಂದಾಗ ಮುಖ ಬಾತಿತ್ತು, ಉಗುರುಗಳಲ್ಲಿ ಬಣ್ಣವೇ ಇರಲಿಲ್ಲ. ನೋವು ಶುರುವಾದ ಮಧ್ಯಾಹ್ನ ಟೆಂಪೋ ಮಾಡಿಕೊಂಡು ದವಾಖಾನೆಗೆ ಹೋದೆವು. ಮನೆಯಲ್ಲಿ ಬಿಡಲು ಯಾರೂ ಇಲ್ಲದ್ದರಿಂದ ನನ್ನನ್ನೂ ಕರೆದೊಯ್ದರು. ಡಾಕ್ಟರಮ್ಮ ಚಿಗವ್ವನ ಕೆಳರೆಪ್ಪೆ ಎಳೆದು ನೋಡಿ ಆಯಿಯತ್ತ ತಿರುಗಿದರು. "ಈಕಿ ಮೈಯಾಗ ರಕ್ತಾನ ಇಲ್ಲಲ್ರೀ. ಎಂದಿನಿಂದ ಹಿಂಗದಾಳ್ರೀ?" ಹೆಣ್ಣು ಕೂಸು ಉಳಿಯಿತು. ಚಿಗವ್ವ ಕತ್ತಲಾಗುವುದರೊಳಗೆ ಹೋಗಿಬಿಟ್ಟಳು.

ಮಣ್ಣು ಮಾಡಿ ಬಂದ ಮೇಲೆ ಆಯಿ ಗೂಡಿಗೆ ಒರಗಿ ಕೂತಳು. ಯಾರನ್ನೂ ನೋಡದೆ, "ಕೋಳೀದ ತಿಳೀತು ನನಗ. ನನ್ನ ಹೊಟ್ಟ್ಯಾಗ ಹುಟ್ಟಿದಾಕೀದ ತಿಳ್ಕೊಳ್ಳಲಿಲ್ಲ," ಎಂದಳು. ಮುಂದಿನ ಸಂತೆಯ ಹೊತ್ತಿಗೆ ಕೋಳಿಗಳನ್ನೆಲ್ಲ ಕೇಳಿದವರಿಗೆ ಕೊಟ್ಟು ಗೂಡು ಬರಿದು ಮಾಡಿದಳು. ಅವ್ವ ಬಂದು ನನ್ನನ್ನು ಶಿಗ್ಗಾಂವಿಗೆ ಕರೆದುಕೊಂಡು ಹೋದಳು. ತಮ್ಮ, ತಂಗಿ ನನ್ನನ್ನು ಬೀಗರ ಹುಡುಗಿಯನ್ನು ನೋಡಿದಂತೆ ನೋಡಿದರು.

ನಾಲ್ಕೈದು ವರ್ಷದ ಮೇಲೆ, ನಾನು ರಜೆಗೆ ಮಾಸೂರಿಗೆ ಹೋಗಿದ್ದಾಗ, ಚಿಗವ್ವನ ಗಂಡ ಮಗಳನ್ನು ಕರೆದುಕೊಂಡು ಬಂದ. ಬೇರೆ ಮದುವೆಯಾಗಿದ್ದ; ಹುಡುಗಿ ಆ ಹೆಂಡತಿಯನ್ನೇ ಅವ್ವ ಎಂದು ತಿಳಿದು ಬೆಳೆದಿತ್ತು. ನೋಡಲು ಬಂದ ಪಕ್ಕದ ಮನೆಯಾಕೆ, "ಅವ್ವನಂಗ ಬೆಳ್ಳಗದಾಳ ನೋಡ್ರಿ," ಎಂದಳು. ಆಯಿ ಹೆಚ್ಚುತ್ತಿದ್ದ ಸೊಪ್ಪನ್ನು ಅಲ್ಲೇ ಚೆಲ್ಲಿ ಎದ್ದಳು. ಹುಡುಗಿಯ ರಟ್ಟೆ ಹಿಡಿದು ಅಂಗಳದ ಬಿಸಿಲಿಗೆ ಎಳೆದೊಯ್ದು, ಉಗುರು ಒತ್ತಿದಳು, ತುಟಿಯನ್ನು ಬೆರಳಿನಿಂದ ಉಜ್ಜಿದಳು, ಕೊನೆಗೆ ಎರಡೂ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. "ಕೆಂಪಗೈತಿ! ಕೆಂಪಗೈತೆವ್ವಾ!" ಎಂದು ಗಟ್ಟಿಯಾಗಿ ಅತ್ತಳು. ಹುಡುಗಿ ಚಿಟ್ಟನೆ ಚೀರಿ, ಕೈ ಕೊಸರಿಕೊಂಡು ಅಪ್ಪನ ಹಿಂದೆ ಅಡಗಿತು. "ಆ ಮುದುಕಿ ಯಾರು? ಮನೀಗೆ ಹೋಗೂಣು," ಎಂದು ಒಂದೇ ಸಮ ಅಳತೊಡಗಿತು. ಅವನು ಸಂಕೋಚದಿಂದ, ಚಹಾ ಕೂಡ ಕುಡಿಯದೆ, ಮಗಳನ್ನೆತ್ತಿಕೊಂಡು ಬಸ್ಸಿಗೆ ನಡೆದ. ಆ ಹುಡುಗಿ ಮತ್ತೆಂದೂ ಮಾಸೂರಿಗೆ ಬರಲಿಲ್ಲ. ಆಯಿ ಆ ಬಿಸಿಲಲ್ಲೇ ಕೂತಿದ್ದಳು. ನಾನು ಹತ್ತಿರ ಹೋದಾಗ, "ನೀನೂ ನೋಡಿದೆಲ್ಲ? ಕೆಂಪಗಿತ್ತು ಹೌದಲ್ಲ?" ಎಂದು ಕೇಳಿದಳು.