ಬಟ್ಟೆ ಒಗೆಯುವ ಕಲ್ಲಿನ ಮೇಲೆ ವಿಮಾನದ ಕೊಂಡಿ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಭಾವನಿಗೆ ನನಗಿಂತ ಒಂದು ಕೈ ಜಾಸ್ತಿ. ಅಕ್ಕನ ಗಂಡ ಆತ. ನಂದಿದುರ್ಗ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಇಬ್ಬರೂ ಫಿಟ್ಟರುಗಳಾಗಿದ್ದೆವು. ಅರವತ್ತರ ದಶಕದ ಮೊದಲಲ್ಲಿ ಬೆಂಗಳೂರಿನ ಒಂದು ವಿಮಾನ ಕಾರ್ಖಾನೆ ಸೇರಿ, ಬಂಗಾರಪೇಟೆಯಲ್ಲಿ ಒಂದೇ ಮನೆ ಮಾಡಿಕೊಂಡು, ದಿನಾ ರೈಲಿನಲ್ಲಿ ಓಡಾಡುತ್ತಿದ್ದೆವು.

ಅಲ್ಲಿ ನಮ್ಮ ದೇಶದ್ದೇ ಜೆಟ್ ಯುದ್ಧವಿಮಾನ ತಯಾರಾಗುತ್ತಿತ್ತು. ಮೊದಲು ಮರದಲ್ಲಿ ಎಂಜಿನ್ನಿಲ್ಲದ್ದೊಂದು ಮಾಡಿ, ಬೇರೆ ವಿಮಾನದ ಹಿಂದೆ ಕಟ್ಟಿ ಹಾರಿಸಿ ನೋಡಿದ್ದರಂತೆ. ನಾವು ಸೇರುವಾಗ ಲೋಹದ್ದರ ಜೋಡಣೆ ನಡೆದಿತ್ತು. ಒಂದು ವಿಮಾನದ ಬಿಡಿಭಾಗ ಇನ್ನೊಂದಕ್ಕೆ ಕೂರುತ್ತಿರಲಿಲ್ಲ. ಅರ ಹಿಡಿದು ಉಜ್ಜಿ ಉಜ್ಜಿಯೇ ಕೂರಿಸಬೇಕು. ಬಿರುಕು ಬಿಟ್ಟದ್ದನ್ನು ಮಾತ್ರ ಅಲ್ಲೇ ಜಜ್ಜಿ ಗುಜರಿಗೆ ಹಾಕಬೇಕೆಂದು ಕಟ್ಟಪ್ಪಣೆ. ಗಣಿಯಲ್ಲಿ ಪಳಗಿದ ಕೈಗೆ ಇದು ಒಗ್ಗುವುದೆಲ್ಲಿ ಬಂತು. ಅಲ್ಲಿ ಬಿರುಕನ್ನು ಸಣ್ಣ ಸುತ್ತಿಗೆಯಲ್ಲಿ ತಟ್ಟಿ ಮುಚ್ಚಿ, ಉಜ್ಜಿ, ಮತ್ತೆ ಹಾಕುವುದೇ ಕಸುಬು.

ಒಂದು ಭಾನುವಾರ ಹಿತ್ತಲಲ್ಲಿ ಟಕಟಕ ಸದ್ದು. ಹೋಗಿ ನೋಡಿದರೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ವಿಮಾನದ ಬಾಲ ಆಡಿಸುವ ಕೊಂಡಿ. ಬಿರುಕು ಬಿಟ್ಟದ್ದು. ಭಾವ ಅದನ್ನು ಮುದ್ದೆ ಡಬ್ಬಿಯಲ್ಲಿ ಬಚ್ಚಿಟ್ಟು ತಂದು ತಟ್ಟುತ್ತಿದ್ದಾನೆ. ಮಾರನೆಯ ದಿನ ಯಾರಿಗೂ ಗೊತ್ತಾಗದ ಹಾಗೆ ವಿಮಾನಕ್ಕೆ ಹಾಕುವ ಲೆಕ್ಕಾಚಾರ. ನನಗೆ ಮೈಯೆಲ್ಲ ಉರಿದುಹೋಯಿತು.

“ಬಾವ, ಅದು ಕಿತ್ಕೊಂಡ್ರೆ ಒಳಗೆ ಕುಂತೋನು ಸುಟ್ಟು ಬೂದಿಯಾಯ್ತಾನೆ. ಒಡೆದಾಕು.”

“ಲೇ, ಗಣೀಗೆ ಜನ ಇಳಿಸೋ ಪಂಜರಾನೇ ನಾನ್ ತಟ್ಟಿದ್ ಪಿನ್ನಿಗೆ ನೇತಾಡ್ತಿತ್ತು ಕಣ್ಲಾ. ಒಬ್ನಾದ್ರೂ ಸತ್ನಾ? ಇದನ್ನ ಉಜ್ಜಿ ಉಜ್ಜಿ ನನ್ ಕೈಯೆಲ್ಲ ರಕ್ತ ಬಂದೈತೆ. ಓಗಲಾ ಅತ್ಲಾಗೆ.”

ಕಿತ್ತುಕೊಳ್ಳಲು ಹೋದೆ. ಮುಖಕ್ಕೆ ಗುದ್ದಿದ, ನನ್ನ ಬಾಯಿ ತುಂಬ ರಕ್ತ. ನಾನು ಬಿಡುತ್ತೇನೆಯೇ, ಹೊಟ್ಟೆಗೆ ಒದ್ದೆ. ಅವನು ಕಲ್ಲಿನ ಪಕ್ಕ ಬಿದ್ದ. ಸೌದೆ ಒಡೆಯುವ ಕೊಡಲಿ ಎತ್ತಿ, ಅದರ ಹಿಂಬದಿಯಿಂದ ಕೊಂಡಿಯ ಮೇಲೆ ಬಾರಿಸಿದೆ. ಅಷ್ಟರಲ್ಲಿ ಭಾವ ಅದನ್ನು ಉಳಿಸಿಕೊಳ್ಳಲು ಬಲಗೈ ಚಾಚಿದ್ದ. ಕೊಂಡಿ ಎರಡು ಹೋಳಾಯಿತು. ಬೆರಳುಗಳು ಕಲ್ಲಿಗೆ ಮೆತ್ತಿಕೊಂಡವು.

ಅಕ್ಕ ಓಡಿಬಂದು, ಕೈಗೆ ಸಿಕ್ಕ ಸೌದೆಯಲ್ಲೇ ನನ್ನ ಬೆನ್ನು ಮುರಿಯುವ ಹಾಗೆ ಬಡಿದಳು.

“ಇಮಾನದಾಗೆ ಕುಂತೋನು ನಿನ್ನಕ್ಕನ ಗಂಡನೇನ್ಲಾ?”

ಭಾವ ನರಳುತ್ತಲೇ ಆ ಹೋಳುಗಳನ್ನು ನೋಡುತ್ತಿದ್ದ. ಮೇಲೆ ಮುಚ್ಚಿಹೋಗಿದ್ದ ಬಿರುಕು ಒಳಗೆಲ್ಲ ಹಬ್ಬಿತ್ತು. ಅದನ್ನು ಅಕ್ಕನಿಗೆ ತೋರಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ವಿಮಾನಕ್ಕೆ ಬೇರೆ ಕೊಂಡಿ ಹಾಕಿದರು. ಭಾವನ ಬಲಗೈ ಮತ್ತೆ ಅರ ಹಿಡಿಯಲಿಲ್ಲ. ಎಡಗೈಯಲ್ಲಿ ಉಣ್ಣಲು ಅವನು ಸುತರಾಂ ಒಪ್ಪಲಿಲ್ಲ, ಅಕ್ಕನೇ ಉಣ್ಣಿಸುತ್ತಿದ್ದಳು. ಆ ವಿಮಾನ ಬಂಗಾರಪೇಟೆಯ ಮೇಲೆ ಹಾರಿ ಹೋದಾಗಲೂ ಉಣ್ಣಿಸುತ್ತಿದ್ದಳು. ಹೆಂಚುಗಳು ನಡುಗಿದವು. ಭಾವ ತಲೆ ಎತ್ತಿದ. ಅಕ್ಕ ಅವನ ಗದ್ದ ಹಿಡಿದು ಮುಖ ಕೆಳಗಿಳಿಸಿ, ಬಾಯಿಗೆ ಮುಂದಿನ ತುತ್ತು ಇಟ್ಟಳು.