ಹೊಗಳಿಕೆಗೆ ಸಿಗದ ವಾಕ್ಯ

ಮೂವತ್ತರ ದಶಕದ ಶಿರಸಿಯಲ್ಲಿ ಇಂಗ್ಲಿಷ್ ಶಾಲೆಗೆ ಹೋಗುವ ಹುಡುಗಿಯರೇ ಕಡಿಮೆ. ನಾನು ಸೋದರತ್ತೆಯ ಮನೆಯಲ್ಲಿದ್ದು ಹೋಗುತ್ತಿದ್ದೆ. ಮಾಸ್ತರರು ಧಾರವಾಡದ ಕಡೆಯವರು. ಒಂದು ದಿನ ಬೋರ್ಡಿನ ಮೇಲೆ ಪ್ರೇಜ್, ಕಮೆಂಡ್, ಅಪ್ಲಾಡ್, ಫ್ಲ್ಯಾಟರ್ ಎಂದು ಬರೆದು ಬಿಡಿಸಿ ಹೇಳಿದರು. ಮನಸಾರೆ ಹೊಗಳಿದರೆ ಪ್ರೇಜ್, ಅದು ದೇವರಿಗೂ ಸಲ್ಲುತ್ತದೆ. ಕೆಲಸ ಮೆಚ್ಚಿ ನಾಲ್ಕು ಜನರೆದುರು ಹೇಳಿದರೆ ಕಮೆಂಡ್. ಚಪ್ಪಾಳೆ ತಟ್ಟಿದರೆ ಅಪ್ಲಾಡ್. ಏನನ್ನೋ ಗಿಟ್ಟಿಸಲು ಬೆಣ್ಣೆ ಹಚ್ಚಿದರೆ ಫ್ಲ್ಯಾಟರ್. ಒಂದೊಂದಕ್ಕೂ ಮನೆಯಲ್ಲಿ ನಡೆದದ್ದನ್ನೇ ವಾಕ್ಯ ಮಾಡಬೇಕು, ಪ್ರೇಜಿಗೆ ಮಾತ್ರ ತಂದೆತಾಯಿ ನಿಮ್ಮನ್ನು ಹೊಗಳಿದ್ದನ್ನು ಬರೆಯಿರಿ ಎಂದರು.

ಫ್ಲ್ಯಾಟರಿಗೆ ಅತ್ತೆಯ ಕಾಲು ಸುತ್ತುವ ಬೆಕ್ಕೇ ಸಾಕಾಯಿತು. ಪ್ರೇಜ್ ಖಾಲಿ ಉಳಿಯಿತು. ಮಕ್ಕಳನ್ನು ಹೊಗಳಿದರೆ ದೃಷ್ಟಿಯಾಗುತ್ತದೆ ಎಂದು ನಮ್ಮಲ್ಲಿ ಹೆದರಿಕೆ. ಅಪ್ಪಯ್ಯನಂತೂ ಬೇರೆಯವರೆದುರು ನನ್ನ ಕುಂದನ್ನೇ ಹೇಳುವವ.

ಅದೇ ವಾರ ಅಪ್ಪಯ್ಯ ಸಿದ್ದಾಪುರದ ಕಡೆಯ ನಮ್ಮ ಊರು ಮನ್ಮನೆಯಿಂದ ಬಂದ. ಹೆಣ್ಣುಮಕ್ಕಳಿಗೆ ಇಷ್ಟು ಇಂಗ್ಲಿಷ್ ಸಾಕು, ನಾಳೆ ಕರೆದುಕೊಂಡು ಹೋಗುತ್ತೇನೆ ಎಂದ. ನನಗೆ ಊಟ ಸೇರಲಿಲ್ಲ. ಸುದ್ದಿ ತಿಳಿದ ಮಾಸ್ತರರು ಮನೆಗೇ ಬಂದು, ಜಗಲಿಯ ಮೇಲೆ ಕೂತು, ನನ್ನನ್ನು ಬಾಯಿತುಂಬ ಹೊಗಳಿದರು. ಅಪ್ಪಯ್ಯ ಎಲೆಗೆ ಸುಣ್ಣ ಸವರುತ್ತ ಎಲ್ಲ ಕೇಳಿದ. ಕೊನೆಗೆ, ಅದರ ಅಕ್ಷರ ನೋಡಿದರೆ ಕಾಗೆ ಕಾಲು ಗುಬ್ಬಿ ಕಾಲು, ಓದಲು ನಿಂತರೆ ದನಿಯೇ ಏಳುವುದಿಲ್ಲ ಎಂದುಬಿಟ್ಟ. ಮಾಸ್ತರರ ಮುಖ ಸಪ್ಪಗಾಯಿತು. "ಆತು ಬಿಡ್ರಿ, ನಿಮ್ಮ ಮನಸಿಗೆ ಬಂದಂಗ ಮಾಡ್ರಿ," ಎಂದು ಎದ್ದು ಹೋದರು. ಬಾಗಿಲ ಹಿಂದೆ ನಿಂತ ನಾನೂ ಶಾಲೆ ಮುಗಿಯಿತೆಂದೇ ತಿಳಿದೆ.

ಅಪ್ಪಯ್ಯ ಒಳಗೆ ಬಂದು ಅತ್ತೆಗೆ ಮೆಲ್ಲಗೆ ಹೇಳಿದ: "ಕೂಸಿಗೆ ದೃಷ್ಟಿ ತೆಗಿ. ಮಾಸ್ತರು ರಾಶಿ ಹೊಗಳಿಬಿಟ್ಟ."

ಸಂಜೆ ಅತ್ತೆ ನನ್ನನ್ನು ಕೂರಿಸಿ, ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು. ಚೂರೂ ಘಾಟು ಬರಲಿಲ್ಲ. ಮಾಸ್ತರರ ದೃಷ್ಟಿ ಬಲವಾಗಿಯೇ ತಾಗಿದೆ ಎಂದು ಅವಳು ನಕ್ಕಳು. ಅಪ್ಪಯ್ಯ ನಗಲಿಲ್ಲ. ಒಲೆಯ ಹತ್ತಿರವೇ ನಿಂತು ಎಲ್ಲ ಉರಿದುಹೋಗುವವರೆಗೆ ನೋಡಿದ. ದೊಡ್ಡವಳಾದ ಮೇಲೆ ಎಷ್ಟೋ ಸಭೆಗಳಲ್ಲಿ ನನ್ನ ಬಗ್ಗೆ ಒಳ್ಳೆಯ ಮಾತು ಕೇಳಿದ್ದೇನೆ. ಅದನ್ನು ನಿಜವೆಂದು ನಂಬಿ ಅಷ್ಟು ಹೆದರಿದವರನ್ನು ಮತ್ತೆ ಕಾಣಲಿಲ್ಲ.

ಮರುದಿನ ಅಪ್ಪಯ್ಯ ಒಬ್ಬನೇ ಸಿದ್ದಾಪುರದ ಬಸ್ಸು ಹತ್ತಿದ. ತರಗತಿಯಲ್ಲಿ ನನ್ನ ಪ್ರೇಜ್ ವಾಕ್ಯ ಓದಿದೆ: ಅಪ್ಪಯ್ಯ ನನಗೆ ದೃಷ್ಟಿ ತೆಗೆಸಿದ.

ಇದರಲ್ಲಿ ಹೊಗಳಿಕೆ ಎಲ್ಲಿದೆ ಎಂದು ಮಾಸ್ತರರು ಕೇಳಿದರು.

"ನಾನು ಇಲ್ಲಿ ಕೂತಿದ್ದೇನಲ್ಲ ಸರ್," ಎಂದೆ.