ಜೀಪಿಗೆ ಕಾಣುವಷ್ಟು ಸುಣ್ಣ

ಹೊಸ ಸುಣ್ಣದ ವಾಸನೆ ಬಂದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ಮೂವತ್ತು ವರ್ಷ ಸರ್ಕಾರಿ ಇಂಜಿನಿಯರ್ ಆಗಿದ್ದವನು. ಸಾಹೇಬರು ತಪಾಸಣೆಗೆ ಬರುತ್ತಾರೆ ಅಂದರೆ ಹಿಂದಿನ ದಿನವೇ ಸೇತುವೆಗೆ ಸುಣ್ಣ. ದಸರಾ ಬಂತೆಂದರೆ ಬನ್ನಿಮಂಟಪದವರೆಗೂ ರಸ್ತೆ ಅಂಚಿನ ಕಲ್ಲಿಗೆ ಸುಣ್ಣ. (ಗುಂಡಿ? ಅದು ಬೇರೆ ಸೆಕ್ಷನ್.)

ಹಾಗಾಗಿ ಕಳೆದ ವಾರ ಕರಾವಳಿಯ ಸೇತುವೆಯೊಂದು ಬೆಳ್ಳಗೆ ಹೊಳೆಯುವುದನ್ನು ಕಂಡು, ಎಷ್ಟು ನೀಟಾಗಿ ಇಟ್ಟಿದ್ದಾರೆ ಕಣಮ್ಮ ಅಂದೆ. ಮಗಳ ಮುಖ ಗಂಟಾಯಿತು. ಹೊಗಳಿಕೆಯನ್ನು ಅಲ್ಲಿಗೇ ನಿಲ್ಲಿಸಿದೆ.

ಚಂಡಮಾರುತ ಬಂದರೆ ಕಡಲ ಪಕ್ಕದ ಯಾವ ಸೇತುವೆ ತಡೆದುಕೊಳ್ಳುತ್ತದೆ, ಯಾವುದು ಇಲ್ಲ ಅಂತ ಪರೀಕ್ಷಿಸಿ ವರದಿ ಬರೆಯುವುದು ಮಗಳ ಕೆಲಸ. ಶ್ರೀರಾಂಪುರದ ಮನೆಯಲ್ಲಿ ಪೇಪರ್ ಓದಿ ಓದಿ ಬೇಜಾರಾಗಿದ್ದ ನಾನು ಸುಮ್ಮನೆ ಜೊತೆಗೆ ಹೋಗಿದ್ದೆ.

ದಾರಿಯುದ್ದಕ್ಕೂ ಪಾಠ. ಗಾಳಿ ತಳ್ಳಿ ಸೇತುವೆ ಬೀಳುತ್ತದೆ ಅಂತ ತಾನೆ ನೀವೂ ತಿಳಿದಿರುವುದು? ಅಷ್ಟೇ ಅಲ್ಲವಂತೆ. ನೀರು ಉಕ್ಕಿ ಸೇತುವೆಯ ತೊಲೆಗಳನ್ನು ಮುಟ್ಟಿದರೆ, ಅವುಗಳ ನಡುವೆ ಗಾಳಿ ಸಿಕ್ಕಿಕೊಂಡು, ಕೆಳಗಿನಿಂದ ಅಲೆ ಗುದ್ದಿ, ಮೇಲಿನ ರಸ್ತೆಯನ್ನೇ ಎತ್ತಿಬಿಡುತ್ತದೆ. ಬಕೆಟ್ ನೀರಿನೊಳಕ್ಕೆ ಚೊಂಬನ್ನು ಬೋರಲಾಗಿ ಒತ್ತಿ ನೋಡಿ, ಗೊತ್ತಾಗುತ್ತದೆ. ಹಳೆಯ ಸೇತುವೆಗಳಲ್ಲಿ ರಸ್ತೆಯನ್ನು ಕಂಬಕ್ಕೆ ಬಿಗಿದಿರುವುದಿಲ್ಲ. ತನ್ನ ಭಾರದಿಂದಲೇ ಕೂತಿರುತ್ತದೆ.

ಹಿಂದಿನ ಚಂಡಮಾರುತದಲ್ಲಿ ನೀರು ಎಲ್ಲಿಯವರೆಗೆ ಏರಿತ್ತು ಅನ್ನುವುದೇ ಆದ್ದರಿಂದ ಮುಖ್ಯ. ಅದರ ಕಲೆ ಕಂಬದ ಮೇಲಿರುತ್ತದೆ. ಇರಬೇಕಿತ್ತು. ಸುಣ್ಣ ಹೊಡೆದಿದ್ದರು.

ಅಲ್ಲಿನ ಇಂಜಿನಿಯರ್ ಮಂಡ್ಯ ಕಡೆಯವರು, ಮರ್ಯಾದಸ್ಥರು. ಎಳನೀರು ಕೊಡಿಸಿದರು. ನೀರೇನೂ ಅಷ್ಟು ಮೇಲೆ ಬಂದಿರಲಿಲ್ಲ ಮೇಡಂ, ಹಾಗಂತ ಬರೆದುಕೊಳ್ಳಿ ಅಂದರು. ಅಷ್ಟರಲ್ಲಿ ಸ್ಕೂಲ್ ಬಸ್ಸೊಂದು ಸೇತುವೆಗೆ ಬಂತು. ಅದು ಆಚೆ ದಡ ಸೇರುವವರೆಗೂ ಮಗಳು ನೋಡುತ್ತಲೇ ನಿಂತಳು. ಕಲೆ ಸಿಗದಿದ್ದರೆ ಅವಳ ಅನುಮಾನಕ್ಕೆ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದಿದ್ದರೆ ಸೇತುವೆ ಪಾಸ್.

ಆದರೆ ಕಲೆ ಎಲ್ಲಿ ಉಳಿದಿರುತ್ತದೆ ಅಂತ ನನಗೆ ಗೊತ್ತಿತ್ತು. ಸಾಹೇಬರ ಜೀಪು ನಿಲ್ಲುವ ಜಾಗದಿಂದ ಕಾಣುವಷ್ಟಕ್ಕೇ ಸುಣ್ಣ, ಇದು ನಮ್ಮ ಕಾಲದಿಂದ ನಡೆದುಬಂದ ಪದ್ಧತಿ. (ಎರಡೂ ಕಡೆ ಹೊಡೆಸುವವನನ್ನು ಪೆದ್ದ ಅನ್ನುತ್ತಿದ್ದೆವು.)

"ದೋಣಿ ಮಾಡ್ಕೊಂಡು ಕಡಲ ಕಡೆಯಿಂದ ನೋಡಮ್ಮ," ಅಂದೆ.

ನೋಡಿದಳು. ಕಂಬದ ಆ ಮುಖಕ್ಕೆ ಸುಣ್ಣವೇ ಸೋಕಿರಲಿಲ್ಲ. ನೀರಿನ ಕಂದು ಗೆರೆ ಕಂಬವನ್ನೂ ದಾಟಿ ತೊಲೆಯ ಮೇಲಿತ್ತು. ಸೇತುವೆ ಫೇಲ್. ರಸ್ತೆಯನ್ನು ಕಂಬಕ್ಕೆ ಬಿಗಿಯಬೇಕು, ಅಲ್ಲಿಯವರೆಗೆ ಚಂಡಮಾರುತದ ಮುನ್ಸೂಚನೆ ಬಂದ ಕೂಡಲೇ ಸೇತುವೆ ಬಂದ್ ಮಾಡಬೇಕು ಅಂತ ಬರೆದಳು.

ಇಂಜಿನಿಯರ್ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ನಮ್ಮೋರು ಅಂದ್ಕೊಂಡಿದ್ದೆ ಸಾರ್. ಹಿಂಗೆ ಮಾಡ್ಬುಟ್ರಲ್ಲ."

ನಿಮ್ಮವನೇ ಕಣ್ರೀ, ಅದಕ್ಕೇ ಗೊತ್ತಾಗಿದ್ದು ಅಂದೆ. ನಾಚಿಕೆಯಾಯಿತು, ನಿಜ.

ಘಟ್ಟ ಹತ್ತುವಷ್ಟರಲ್ಲಿ ಆ ನಾಚಿಕೆ ಇಳಿದು ಹೆಮ್ಮೆ ಏರಿತು. ಹುಣಸೂರಿನ ಕಾಫಿಗೆ ಇನ್ನಷ್ಟು. ನಾನು ಬರದೇ ಹೋಗಿದ್ದರೆ ನೀನು ಏನು ಮಾಡುತ್ತಿದ್ದೆ ಅಂತ ಮಗಳನ್ನು ಎರಡು ಸಲ ಕೇಳಿದೆ. ಹಿನಕಲ್ ಹತ್ತಿರ ಕಾರು ಟ್ರಾಫಿಕ್‌ನಲ್ಲಿ ನಿಂತಾಗ ಅವಳು ತನ್ನ ನೋಟ್‌ಬುಕ್ಕನ್ನು ನನ್ನ ತೊಡೆಯ ಮೇಲಿಟ್ಟು, ಪೆನ್ನು ಕೈಗೆ ಕೊಟ್ಟಳು.

"ಅಪ್ಪ, ನೀವು ಸುಣ್ಣ ಹೊಡೆಸಿದ ಸೇತುವೆಗಳ ಹೆಸರು ಬರೀರಿ."